ಕಿವಿ, ತಲೆಬುರುಡೆಯ ತಳ ಮತ್ತು ಗೊರಕೆ: ಹುನಗುಂದ ಸೀಮೆಯ ಹಿನ್ನೆಲೆಯಲ್ಲಿ ತಜ್ಞ ಶಸ್ತ್ರಚಿಕಿತ್ಸೆಯ ವಿವೇಚನೆ

ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಗೆ ಸೇರಿದ ರಾಮಥಾಳವು ಬಹುಕಾಲ ಮಳೆಯನ್ನೇ ನಂಬಿ ಬದುಕಿದ ಬೇಸಾಯದ ಊರು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ, ಸುಮಾರು 24,000 ಹೆಕ್ಟೇರ್ ಭೂಮಿಗೆ ಕೊಳವೆಗಳ ಮೂಲಕ ಹನಿಹನಿಯಾಗಿ ನೀರುಣಿಸುವ ಉದ್ದೇಶದ ರಾಮಥಾಳ (ಮರೋಳ) ನೀರಾವರಿ ಯೋಜನೆಯಿಂದ ಈ ಊರಿನ ಹೆಸರು ನಾಡಿಗೆ ಪರಿಚಿತವಾಯಿತು. ನೇಕಾರಿಕೆಗೂ ಕೆಂಪು ಗ್ರಾನೈಟ್ ಕಲ್ಲಿಗೂ ಹೆಸರಾದ ಇಳಕಲ್ಲು, ಕೃಷ್ಣೆ ಮತ್ತು ಮಲಪ್ರಭೆಯರು ಕೂಡುವ ಕೂಡಲಸಂಗಮ ಇದೇ ಸೀಮೆಯಲ್ಲಿವೆ.

ಇಂತಹ ಗ್ರಾಮೀಣ ಪರಿಸರದಲ್ಲಿ ‘ಕಿವಿ ಸೋರುವುದು’ ಒಂದು ರೋಗವೆಂದು ಎಣಿಕೆಗೆ ಬರುವುದು ಕಡಿಮೆ. ಮಗುವಿನ ಕಿವಿಯಿಂದ ಕೀವು ಬಂದರೆ ಕಾಸಿದ ಎಣ್ಣೆಯನ್ನು ಬಿಡುವುದು, ಸೊಪ್ಪಿನ ರಸವನ್ನು ಹಿಂಡುವುದು, ಅರಳೆಯನ್ನು ತುರುಕಿ ಸುಮ್ಮನಾಗುವುದು ರೂಢಿಯಲ್ಲಿದೆ. ದೊಡ್ಡವನಾದಂತೆ ತಾನಾಗಿಯೇ ನಿಲ್ಲುತ್ತದೆಂಬ ಸಮಾಧಾನವೂ ಇದೆ. ಅದೇ ರೀತಿ ಗೊರಕೆಯನ್ನು ಗಾಢನಿದ್ರೆಯ ಗುರುತೆಂದೇ ಭಾವಿಸಲಾಗುತ್ತದೆ. ಈ ಎರಡೂ ನಂಬಿಕೆಗಳು ಎಷ್ಟೋ ಸಂದರ್ಭಗಳಲ್ಲಿ ನಿರಪಾಯಕಾರಿಯಾಗಿಯೇ ಉಳಿಯಬಹುದು. ಆದರೆ ಕೆಲವು ಸಂದರ್ಭಗಳಲ್ಲಿ ಅವು ಪ್ರಾಣಕ್ಕೇ ಎರವಾಗುತ್ತವೆ. ಯಾವ ಕಿವಿ ಮನೆಯಲ್ಲಿ ಒಣಗಬಲ್ಲದು, ಯಾವ ಕಿವಿಗೆ ಶಸ್ತ್ರವೇ ಮದ್ದು ಎಂಬ ವಿವೇಕವು ತಜ್ಞನ ಬಳಿಗೆ ತಲುಪುವ ಮೊದಲೇ ಊರಿನಲ್ಲಿ ಹುಟ್ಟಬೇಕಾದುದು ಅಗತ್ಯ. ಈ ದೃಷ್ಟಿಯಿಂದ ಕಿವಿ, ತಲೆಬುರುಡೆಯ ತಳ ಹಾಗೂ ಗೊರಕೆಯ ಸಮಸ್ಯೆಗಳಿಗೆ ಇರುವ ತಜ್ಞ ಚಿಕಿತ್ಸೆಯ ಸ್ವರೂಪವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೂರು ಸಮಸ್ಯೆಗಳ ಒಂದು ಸಂಧಿಸ್ಥಾನ

ಮೇಲುನೋಟಕ್ಕೆ ಕಿವಿಗೂ ಗೊರಕೆಗೂ ಸಂಬಂಧವಿಲ್ಲವೆಂದು ತೋರುತ್ತದೆ. ಆದರೆ ಮೂಗಿನ ಹಿಂಭಾಗದಲ್ಲಿ, ಗಂಟಲಿನ ನೆತ್ತಿಯಲ್ಲಿ ಒಂದು ಚಿಕ್ಕ ಕೋಣೆಯಿದೆ. ವೈದ್ಯಶಾಸ್ತ್ರವು ಇದನ್ನು ನಾಸಾಗ್ರಸನಿ ಎಂದು ಕರೆಯುತ್ತದೆ. ಈ ಕೋಣೆಯ ಮೇಲ್ಚಾವಣಿಯೇ ತಲೆಬುರುಡೆಯ ತಳ. ಇದರ ಎರಡೂ ಪಕ್ಕದ ಗೋಡೆಗಳಲ್ಲಿ ಮಧ್ಯಕಿವಿಗೆ ಗಾಳಿಯನ್ನು ಒಯ್ಯುವ ಯೂಸ್ಟೇಷಿಯನ್ ನಾಳಗಳ ಬಾಯಿಗಳಿವೆ. ಇದರ ಕೆಳಗೆ ಮೆದು ಅಂಗುಳ, ಕಿರುನಾಲಿಗೆ ಹಾಗೂ ಗಂಟಲು ಇವೆ. ಗೊರಕೆಯ ಸದ್ದು ಹುಟ್ಟುವುದು ಅಲ್ಲಿ. ಹೀಗೆ ಮೂರು ಬಗೆಯ ಸಮಸ್ಯೆಗಳು ಬಂದು ಕೂಡುವ ಸಂಗಮಸ್ಥಾನವೊಂದು ದೇಹದೊಳಗೇ ಇದೆ. ಕಿವಿ, ಮೂಗು, ಗಂಟಲುಗಳನ್ನು ಒಂದೇ ವೈದ್ಯಶಾಖೆಯಾಗಿ ಬೆಳೆಸಿದುದರ ಹಿಂದಿನ ತರ್ಕವೂ ಇದೇ ಆಗಿದೆ.

ಮಕ್ಕಳಲ್ಲಿ ಈ ಸಂಬಂಧವು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ನಾಸಾಗ್ರಸನಿಯಲ್ಲಿರುವ ಅಡಿನಾಯ್ಡ್ ಎಂಬ ಗ್ರಂಥಿ ಊದಿಕೊಂಡಾಗ ಮೂಗಿನ ಉಸಿರಾಟಕ್ಕೆ ತಡೆಯುಂಟಾಗಿ ಮಗು ಬಾಯಿ ತೆರೆದು ಮಲಗುತ್ತದೆ, ಗೊರಕೆ ಹೊಡೆಯುತ್ತದೆ. ಅದೇ ಗ್ರಂಥಿ ಪಕ್ಕದ ಯೂಸ್ಟೇಷಿಯನ್ ನಾಳದ ಕೆಲಸಕ್ಕೂ ಅಡ್ಡಿಯಾಗುತ್ತದೆ. ಅಲ್ಲಿ ನೆಲೆನಿಂತ ಸೋಂಕು ನಾಳದ ಮೂಲಕ ಕಿವಿಗೆ ಏರುತ್ತದೆ. ದೊಡ್ಡವರಲ್ಲಿ ಸುಮಾರು 36 ಮಿಲಿಮೀಟರ್ ಉದ್ದವಿರುವ ಈ ನಾಳವು ಮಕ್ಕಳಲ್ಲಿ ಗಿಡ್ಡವಾಗಿಯೂ ಹೆಚ್ಚು ಮಟ್ಟಸವಾಗಿಯೂ ಇರುವುದರಿಂದ ಸೋಂಕು ಸುಲಭವಾಗಿ ಸಾಗುತ್ತದೆ. ಗಾಳಿಯಿಲ್ಲದ ಮಧ್ಯಕಿವಿಯಲ್ಲಿ ಅಂಟಿನಂತಹ ದ್ರವ ತುಂಬಿ ಕೇಳುವಿಕೆ ಮಂದವಾಗುತ್ತದೆ. ಶಾಲೆಯಲ್ಲಿ ‘ದಡ್ಡ’ನೆಂದೋ ‘ಮಾತು ಕೇಳದವನು’ ಎಂದೋ ಹೆಸರು ಪಡೆದ ಮಗು ವಾಸ್ತವವಾಗಿ ಮಾತು ಕೇಳಿಸದ ಮಗುವಾಗಿರಬಹುದು ಎಂಬುದನ್ನು ಇಲ್ಲಿ ಗಮನಿಸಬೇಕು.

ಸೋರುವ ಕಿವಿಯ ಎರಡು ಬಗೆ

ಕಿವಿಯ ತಮಟೆಯಲ್ಲಿ ತೂತಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಕೀವು ಸೋರುವ ರೋಗವನ್ನು ದೀರ್ಘಕಾಲೀನ ಮಧ್ಯಕರ್ಣ ಸೋಂಕು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2004ರ ವರದಿಯಲ್ಲಿ ಈ ರೋಗದ ಪ್ರಮಾಣ ಅತಿ ಹೆಚ್ಚಾಗಿರುವ, ಅಂದರೆ ಜನಸಂಖ್ಯೆಯ ಶೇಕಡಾ 4ಕ್ಕಿಂತ ಹೆಚ್ಚು ಮಂದಿಯನ್ನು ಬಾಧಿಸುವ ದೇಶಗಳ ಗುಂಪಿನಲ್ಲಿ ಭಾರತವನ್ನು ಸೇರಿಸಿದೆ. ಪೌಷ್ಟಿಕ ಆಹಾರದ ಕೊರತೆ, ಇಕ್ಕಟ್ಟಾದ ವಸತಿ, ಅಡುಗೆಮನೆಯ ಹೊಗೆ, ಮರಳಿ ಮರಳಿ ಬರುವ ನೆಗಡಿ, ಚಿಕಿತ್ಸೆಯ ವಿಳಂಬ ಇವು ಇದಕ್ಕೆ ಪೋಷಕವಾಗಿರುವ ಕಾರಣಗಳು.

ಈ ರೋಗದಲ್ಲಿ ಎರಡು ಬಗೆಗಳಿವೆ. ಮೊದಲನೆಯ ಬಗೆಯಲ್ಲಿ ತಮಟೆಯ ನಡುವೆ ತೂತಿರುತ್ತದೆ. ನೆಗಡಿಯಾದಾಗ, ಕಿವಿಗೆ ನೀರು ಹೋದಾಗ ಲೋಳೆಯಂತಹ ಸ್ರಾವ ಧಾರಾಳವಾಗಿ ಬರುತ್ತದೆ, ಸಾಮಾನ್ಯವಾಗಿ ದುರ್ವಾಸನೆ ಇರುವುದಿಲ್ಲ, ಔಷಧದಿಂದ ಒಣಗುತ್ತದೆ. ಎರಡನೆಯ ಬಗೆಯಲ್ಲಿ ತಮಟೆಯ ಮೇಲಂಚು ಅಥವಾ ಹಿಂದಂಚು ಒಳಕ್ಕೆ ಸೆಳೆದುಕೊಂಡು ಚೀಲದಂತಾಗಿ, ಅದರಲ್ಲಿ ಚರ್ಮದ ಸತ್ತ ಪದರಗಳು ಗಂಟುಗಟ್ಟುತ್ತವೆ. ಇದನ್ನು ಕೊಲೆಸ್ಟಿಯಾಟೋಮಾ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ; ಆದರೆ ಬೆಳೆಯುತ್ತ ಹೋದಂತೆ ತನ್ನ ಸುತ್ತಲಿನ ಎಲುಬನ್ನು ಸವೆಸುತ್ತದೆ. ಇಲ್ಲಿ ಸ್ರಾವ ಸ್ವಲ್ಪವೇ ಇರುತ್ತದೆ, ಆದರೆ ಕೊಳೆತ ವಾಸನೆಯಿರುತ್ತದೆ, ಕೆಲವೊಮ್ಮೆ ರಕ್ತ ಕಾಣಿಸುತ್ತದೆ.

ಜನಸಾಮಾನ್ಯರ ಎಣಿಕೆ ತಪ್ಪುವುದು ಇಲ್ಲಿಯೇ. ಹೆಚ್ಚು ಸೋರುವ ಕಿವಿಯನ್ನು ಕಂಡು ಹೆದರುತ್ತಾರೆ. ಕಡಿಮೆ ಸೋರುವ ಕಿವಿಯನ್ನು ವಾಸಿಯಾಗುತ್ತಿದೆ ಎಂದು ತಿಳಿಯುತ್ತಾರೆ. ವಾಸ್ತವವಾಗಿ ವಾಸನೆಯಿಂದ ಕೂಡಿದ ಅಲ್ಪ ಸ್ರಾವವೇ ಹೆಚ್ಚು ಅಪಾಯದ ಸೂಚನೆ. ಮಧ್ಯಕಿವಿಗೂ ಮಿದುಳಿಗೂ ನಡುವೆ ಇರುವುದು ಕೆಲವೆಡೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಎಲುಬಿನ ಹಾಳೆ. ಅದು ಸವೆದಾಗ ಸೋಂಕು ಮಿದುಳಿನ ಪೊರೆಗೆ, ಮಿದುಳಿಗೆ, ಕಿವಿಯ ಹಿಂದಿನ ದೊಡ್ಡ ಅಭಿಧಮನಿಗೆ ದಾಟುತ್ತದೆ. ಕಿವಿಯೊಳಗೆ ತೆಳುವಾದ ಎಲುಬಿನ ಕೊಳವೆಯಲ್ಲಿ ಹಾದುಹೋಗುವ ಮುಖದ ನರಕ್ಕೆ ಪೆಟ್ಟಾದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಸೋರುವ ಕಿವಿಯುಳ್ಳವರಲ್ಲಿ ಜ್ವರ, ತೀವ್ರ ತಲೆನೋವು, ವಾಂತಿ, ತಲೆಸುತ್ತು, ಕಿವಿಯ ಹಿಂದೆ ಬಾವು, ಮುಖ ಸೊಟ್ಟಗಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ಆಸ್ಪತ್ರೆಯನ್ನು ಸೇರಬೇಕಾಗುತ್ತದೆ.

ಶಸ್ತ್ರಚಿಕಿತ್ಸೆ ನಡೆದುಬಂದ ದಾರಿ

ಈ ಅಪಾಯದ ಅರಿವು ಹೊಸದೇನಲ್ಲ. ಸುಶ್ರುತಸಂಹಿತೆಯು 28 ಬಗೆಯ ಕರ್ಣರೋಗಗಳನ್ನು ಎಣಿಸಿ, ಅವುಗಳಲ್ಲಿ ಕರ್ಣಸ್ರಾವ ಮತ್ತು ಪೂತಿಕರ್ಣಗಳನ್ನು ಬೇರೆ ಬೇರೆಯಾಗಿ ಹೆಸರಿಸಿದೆ. ಸೋರುವ ಕಿವಿಯನ್ನೂ ನಾರುವ ಕಿವಿಯನ್ನೂ ಪ್ರತ್ಯೇಕವಾಗಿ ಕಂಡ ಆ ಸೂಕ್ಷ್ಮತೆ ಗಮನಾರ್ಹವಾದುದು. ಹರಿದ ಕಿವಿಹಾಲೆಯನ್ನು ಜೋಡಿಸುವ 15 ವಿಧಾನಗಳನ್ನೂ ಅದು ವಿವರಿಸುತ್ತದೆ. ಗ್ರೀಸಿನ ಹಿಪಾಕ್ರಟೀಸನ ಪರಂಪರೆಯಲ್ಲಿಯೂ ಜ್ವರದಿಂದ ಕೂಡಿದ ತೀವ್ರ ಕಿವಿನೋವು ಸನ್ನಿಗೂ ಮರಣಕ್ಕೂ ಕಾರಣವಾಗಬಹುದೆಂಬ ಎಚ್ಚರಿಕೆಯಿದೆ.

ಆದರೆ ಕಿವಿಯ ಒಳಗಿನ ಎಲುಬನ್ನು ತೆರೆಯುವ ಸಾಹಸಕ್ಕೆ ಬಹುಕಾಲ ಕಾಯಬೇಕಾಯಿತು. 18ನೆಯ ಶತಮಾನದಲ್ಲಿ ಫ್ರಾನ್ಸಿನ ಝಾನ್ ಲೂಯಿ ಪೆಟಿ ಕಿವಿಯ ಹಿಂದಿನ ಮಾಸ್ಟಾಯಿಡ್ ಎಲುಬನ್ನು ತೆರೆದು ಕೀವನ್ನು ಹೊರಹಾಕಿದನು. ಈ ಯಶಸ್ಸಿನ ಸುದ್ದಿ ಹರಡಿದಾಗ ಡೆನ್ಮಾರ್ಕಿನ ರಾಜವೈದ್ಯ ಬರ್ಗರ್ ತನ್ನ ಕಿವುಡು ಮತ್ತು ಕಿವಿಮೊರೆತಕ್ಕೆ ಇದೇ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡು 1791ರಲ್ಲಿ ಮೃತನಾದನು. ಕೀವಿಲ್ಲದ ಕಿವಿಗೆ ಕೀವಿನ ಚಿಕಿತ್ಸೆ ಮಾಡಿದ ಈ ಪ್ರಮಾದದಿಂದಾಗಿ ಶಸ್ತ್ರಕ್ರಿಯೆಯೇ ಅಪಕೀರ್ತಿಗೊಳಗಾಯಿತು. 1873ರಲ್ಲಿ ಜರ್ಮನಿಯ ಶ್ವಾರ್ಟ್ಸೆಯು ಯಾವ ರೋಗಿಗೆ ಇದು ತಕ್ಕುದೆಂಬ ನಿಯಮಗಳನ್ನು ಸ್ಪಷ್ಟಪಡಿಸಿದ ಮೇಲೆಯೇ ಅದಕ್ಕೆ ಮರುಜೀವ ಬಂದಿತು. ಯಾರಿಗೆ, ಯಾವಾಗ, ಏತಕ್ಕಾಗಿ ಎಂಬ ನಿರ್ಣಯವು ಶಸ್ತ್ರದಷ್ಟೇ ಮುಖ್ಯವೆಂಬುದು ಈ ಇತಿಹಾಸದ ಪಾಠ.

1921ರಲ್ಲಿ ಸ್ವೀಡನ್ನಿನ ನೈಲೀನ್ ಕಿವಿಯ ಶಸ್ತ್ರಕ್ರಿಯೆಗೆ ಮೊದಲ ಬಾರಿಗೆ ಸೂಕ್ಷ್ಮದರ್ಶಕವನ್ನು ಬಳಸಿದನು. 1950ರ ದಶಕದಲ್ಲಿ ಉತ್ತಮ ಬೆಳಕಿನ ಶಸ್ತ್ರಕ್ರಿಯಾ ಸೂಕ್ಷ್ಮದರ್ಶಕಗಳು ಬಳಕೆಗೆ ಬಂದವು. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳಲ್ಲಿ ಕೊನೆಯದಾದ ರಿಕಾಪಿನ ಎತ್ತರ ಮೂರು ಮಿಲಿಮೀಟರಿನಷ್ಟು ಮಾತ್ರ. ಇಂತಹ ಎಡೆಯಲ್ಲಿ ಕೈಯಾಡಿಸುವುದು ಬರಿಗಣ್ಣಿಗೆ ಅಸಾಧ್ಯವಾದ ಕೆಲಸ. ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ ತಮಟೆಯ ಮರುರಚನೆಗೆ ಶಾಸ್ತ್ರೀಯ ತಳಹದಿಯನ್ನು ಹಾಕಿದರು. ಅಮೆರಿಕದ ಜಾನ್ ಶೀ 1956ರಲ್ಲಿ ಗಟ್ಟಿಯಾಗಿ ನಿಂತ ರಿಕಾಪನ್ನು ತೆಗೆದು ಕೃತಕ ಜೋಡಣೆಯನ್ನು ಇಟ್ಟು ಕೇಳುವಿಕೆಯನ್ನು ಮರಳಿಸಿದರು.

ಸುರಕ್ಷಿತ ಕಿವಿ, ಒಣ ಕಿವಿ, ಕೇಳುವ ಕಿವಿ

ಇಂದಿನ ಕಿವಿಶಸ್ತ್ರದ ಗುರಿಗಳಿಗೆ ಒಂದು ಕ್ರಮವಿದೆ. ಮೊದಲು ಕಿವಿ ಪ್ರಾಣಕ್ಕೆ ಸುರಕ್ಷಿತವಾಗಬೇಕು, ಬಳಿಕ ಒಣಗಬೇಕು, ಅನಂತರ ಕೇಳಬೇಕು. ತಮಟೆಯ ನಡುವಿನ ತೂತಿಗೆ ಕಿವಿಯ ಮೇಲಿನ ಕಪೋಲ ಸ್ನಾಯುವನ್ನು ಹೊದ್ದ ತೆಳುಪೊರೆಯನ್ನು ತೆಗೆದು ತೇಪೆ ಹಾಕುತ್ತಾರೆ. ಅನುಭವಿ ಕೈಗಳಲ್ಲಿ ಈ ತೇಪೆ ಬಹುಪಾಲು ರೋಗಿಗಳಲ್ಲಿ ಹಿಡಿಯುತ್ತದೆ. ಕೊಲೆಸ್ಟಿಯಾಟೋಮಾ ಇದ್ದಾಗ ಮಾತ್ರ ಕಿವಿಯ ಹಿಂದಿನ ಎಲುಬನ್ನು ಸೂಕ್ಷ್ಮದರ್ಶಕದಡಿಯಲ್ಲಿ ಕೊರೆದು ರೋಗವನ್ನು ಬೇರುಸಹಿತ ತೆಗೆಯಬೇಕಾಗುತ್ತದೆ.

ಈ ಎರಡನೆಯ ಶಸ್ತ್ರಕ್ರಿಯೆಯಲ್ಲಿ ರೋಗಿಯ ಊರು ಕೂಡ ವೈದ್ಯನ ನಿರ್ಣಯದೊಳಗೆ ಪ್ರವೇಶಿಸುತ್ತದೆ ಎಂಬುದು ವಿಶೇಷ. ಕಿವಿಯ ನಾಳದ ಹಿಂಗೋಡೆಯನ್ನು ಉಳಿಸಿಕೊಂಡು ಮಾಡುವ ವಿಧಾನದಲ್ಲಿ ಕಿವಿಯ ಸಹಜ ಆಕಾರ ಉಳಿಯುತ್ತದೆ. ಆದರೆ ಮರೆಯಲ್ಲಿ ರೋಗದ ತುಣುಕು ಉಳಿದಿರುವ ಸಂಭವವಿರುವುದರಿಂದ ಹಲವು ತಿಂಗಳುಗಳ ಬಳಿಕ ಮತ್ತೊಮ್ಮೆ ತೆರೆದು ನೋಡುವ ಇಲ್ಲವೇ ಸ್ಕ್ಯಾನ್ ಮಾಡಿಸುವ ಅಗತ್ಯ ಬೀಳುತ್ತದೆ. ಹಿಂಗೋಡೆಯನ್ನು ತೆಗೆದುಹಾಕುವ ವಿಧಾನದಲ್ಲಿ ರೋಗ ಮರುಕಳಿಸುವ ಸಂಭವ ಕಡಿಮೆ. ಆದರೆ ಉಳಿದ ಕುಹರವನ್ನು ಆಗಾಗ ಶುಚಿಗೊಳಿಸಬೇಕು, ಕಿವಿಗೆ ನೀರು ಹೋಗದಂತೆ ಜೀವನವಿಡೀ ಜಾಗ್ರತೆ ವಹಿಸಬೇಕು. ಸುಗ್ಗಿಯ ಕಾಲದಲ್ಲಿ ಹೊಲ ಬಿಟ್ಟು ಬರಲಾರದ, ಬಸ್ಸಿನ ಖರ್ಚಿಗೂ ಯೋಚಿಸಬೇಕಾದ ರೋಗಿ ಮತ್ತೆ ಬರುವನೆಂಬ ಭರವಸೆಯಿಲ್ಲದಾಗ ಶಸ್ತ್ರವೈದ್ಯರು ಸಾಮಾನ್ಯವಾಗಿ ಎರಡನೆಯ ವಿಧಾನವನ್ನೇ ಆರಿಸಿಕೊಳ್ಳುತ್ತಾರೆ. ದೂರವು ಹೀಗೆ ಎಲುಬಿನ ಮೇಲೆಯೇ ತನ್ನ ಗುರುತನ್ನು ಬಿಡುತ್ತದೆ.

ತಲೆಬುರುಡೆಯ ತಳದ ರೋಗಗಳು

ಒಳಗಿವಿಯನ್ನು ಹುದುಗಿಸಿಕೊಂಡಿರುವ ಎಲುಬು ದೇಹದ ಅತ್ಯಂತ ಗಟ್ಟಿಯಾದ ಎಲುಬುಗಳಲ್ಲಿ ಒಂದು. ಮಿದುಳಿಗೆ ರಕ್ತವನ್ನು ಒಯ್ಯುವ ಅಪಧಮನಿ, ಅಲ್ಲಿಂದ ರಕ್ತವನ್ನು ಇಳಿಸುವ ಅಭಿಧಮನಿ, ಮುಖ, ನುಂಗುವಿಕೆ ಹಾಗೂ ಧ್ವನಿಗೆ ಸಂಬಂಧಿಸಿದ ನರಗಳು ಇದರ ಆಸುಪಾಸಿನಲ್ಲಿಯೇ ಹಾದುಹೋಗುತ್ತವೆ. ಈ ಪ್ರದೇಶದಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಶ್ರವಣ ಮತ್ತು ಸಮತೋಲನದ ನರದ ಗಡ್ಡೆ ಮುಖ್ಯವಾದುದು. ಇದು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ. ಒಂದೇ ಕಿವಿಯಲ್ಲಿ ಕ್ರಮೇಣ ಕಿವುಡು, ಅದೇ ಕಿವಿಯಲ್ಲಿ ಮೊರೆತ, ನಡೆಯುವಾಗ ತೂಗಾಡಿದಂತಾಗುವುದು ಇದರ ಆರಂಭದ ಲಕ್ಷಣಗಳು. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗಳಿಗೆ ಬರುತ್ತದೆ. ಒಂದೇ ಕಿವಿಯ ಕಿವುಡನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವುದು ಸರಿಯಲ್ಲ.

ಹಾರ್ವೇ ಕುಶಿಂಗ್ 1917ರಲ್ಲಿ ಈ ಗಡ್ಡೆಗಳ ಬಗೆಗೆ ಗ್ರಂಥವನ್ನು ಪ್ರಕಟಿಸಿದ ಕಾಲದಲ್ಲಿ ರೋಗಿಯ ಜೀವವನ್ನು ಉಳಿಸುವುದೇ ದೊಡ್ಡ ಮಾತಾಗಿತ್ತು. 1960ರ ದಶಕದಲ್ಲಿ ಅಮೆರಿಕದ ವಿಲಿಯಂ ಹೌಸ್ ಸೂಕ್ಷ್ಮದರ್ಶಕದ ನೆರವಿನಿಂದ ಒಳಗಿವಿಯ ಮೂಲಕವೇ ಗಡ್ಡೆಯನ್ನು ತಲುಪುವ ಮಾರ್ಗವನ್ನು ಬೆಳೆಸಿದರು. ಸ್ವಿಟ್ಜರ್ಲೆಂಡಿನ ಊಗೋ ಫಿಶ್ ತಲೆಬುರುಡೆಯ ಪಕ್ಕದ ತಳಕ್ಕೆ ಹೊಸ ದಾರಿಗಳನ್ನು ತೋರಿದರು. ಇಂದು ಕಿವಿಯ ಶಸ್ತ್ರವೈದ್ಯರೂ ನರಶಸ್ತ್ರವೈದ್ಯರೂ ಕೂಡಿ, ಮುಖದ ನರದ ಸ್ಥಿತಿಯನ್ನು ಯಂತ್ರದಲ್ಲಿ ಗಮನಿಸುತ್ತ ಶಸ್ತ್ರಕ್ರಿಯೆ ನಡೆಸುತ್ತಾರೆ. ಚಿಕ್ಕ ಗಡ್ಡೆಗಳನ್ನು ಸ್ಕ್ಯಾನ್‌ಗಳ ಮೂಲಕ ಗಮನಿಸುತ್ತ ಇರಬಹುದು, ಇಲ್ಲವೇ ವಿಕಿರಣದಿಂದ ತಡೆಯಬಹುದು. ಅಂತಹ ಗಾಮಾ ನೈಫ್ ಸೌಲಭ್ಯ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಆದುದರಿಂದ ರೋಗವು ಎಷ್ಟು ಚಿಕ್ಕದಾಗಿರುವಾಗ ಪತ್ತೆಯಾಗುತ್ತದೆ ಎಂಬುದರ ಮೇಲೆ ರೋಗಿಯ ಮುಂದಿರುವ ಆಯ್ಕೆಗಳ ಸಂಖ್ಯೆ ನಿಂತಿದೆ.

ತಲೆಬುರುಡೆಯ ತಳಕ್ಕೆ ಅಪಾಯ ತರುವ ಇನ್ನೊಂದು ಸ್ಥಿತಿ ಸಕ್ಕರೆ ಕಾಯಿಲೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯುಳ್ಳ ವಯಸ್ಸಾದವರಲ್ಲಿ ಹೊರಕಿವಿಯ ಸೋಂಕು ಎಲುಬಿಗೆ ಇಳಿದು, ರಾತ್ರಿ ನಿದ್ರೆಗೆಡಿಸುವ ಕಿವಿನೋವಾಗಿ ಪರಿಣಮಿಸುತ್ತದೆ. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಹಿಂದೆಯೇ ಬಂದ ಕಪ್ಪು ಶಿಲೀಂಧ್ರ ರೋಗವು ಮೂಗಿನಿಂದ ಕಣ್ಣಿಗೂ ತಲೆಬುರುಡೆಯ ತಳಕ್ಕೂ ಹರಡಿದಾಗ ಈ ಪ್ರದೇಶದ ಸೂಕ್ಷ್ಮತೆಯ ಅರಿವು ನಾಡಿಗೆಲ್ಲ ಆಯಿತು. ಆ ವರ್ಷದ ಮೇ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಹುಬ್ಬಳ್ಳಿಯ ಕಿಮ್ಸ್ ಸೇರಿದಂತೆ ಹಲವು ಬೋಧನಾ ಆಸ್ಪತ್ರೆಗಳು ಅದರ ಚಿಕಿತ್ಸೆಯ ಹೊಣೆಯನ್ನು ಹೊತ್ತವು. ಅಲ್ಲಿಯೂ ಬದುಕುಳಿಯುವ ಸಾಧ್ಯತೆ ಹೆಚ್ಚಾಗಿದ್ದುದು ಬೇಗನೆ ಗುರುತಿಸಲ್ಪಟ್ಟು, ಔಷಧದೊಂದಿಗೆ ಸಕಾಲದಲ್ಲಿ ಶಸ್ತ್ರಕ್ರಿಯೆಯನ್ನೂ ಪಡೆದವರಲ್ಲಿ.

ಗೊರಕೆ: ನಿದ್ರೆಯೋ, ಉಸಿರುಗಟ್ಟುವಿಕೆಯೋ

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾದಾಗ ಇಕ್ಕಟ್ಟಾದ ದಾರಿಯಲ್ಲಿ ಗಾಳಿ ಹಾಯ್ದು ಮೆದು ಅಂಗುಳವು ಕಂಪಿಸುವುದರಿಂದ ಗೊರಕೆ ಹುಟ್ಟುತ್ತದೆ. ಬರಿಯ ಗೊರಕೆ ಮಗ್ಗುಲಲ್ಲಿ ಮಲಗಿದವರಿಗೆ ತೊಂದರೆಯೇ ಹೊರತು ರೋಗವಲ್ಲ. ಆದರೆ ಗೊರಕೆ ನಡುವೆ ಒಮ್ಮೆಲೇ ನಿಂತು, ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ಕಟ್ಟಿ, ಬಳಿಕ ಬೆಚ್ಚಿದಂತೆ ಉಸಿರೆಳೆದುಕೊಳ್ಳುವುದು ಮರುಕಳಿಸುತ್ತಿದ್ದರೆ ಅದು ರೋಗ. ಗಂಟೆಗೆ ಐದಕ್ಕಿಂತ ಕಡಿಮೆ ಇಂತಹ ತಡೆಗಳು ಸಹಜವೆಂದೂ ಮೂವತ್ತು ಹಾಗೂ ಅದಕ್ಕಿಂತ ಹೆಚ್ಚಾದರೆ ತೀವ್ರವೆಂದೂ ಪರಿಗಣಿಸುತ್ತಾರೆ. ಹಗಲಿನ ತೂಕಡಿಕೆ, ರಕ್ತದೊತ್ತಡ, ಹೃದಯದ ತೊಂದರೆಗಳು ಇದರ ಜೊತೆಗೂಡುತ್ತವೆ. ರಾತ್ರಿ ಲಾರಿ, ಟ್ರ್ಯಾಕ್ಟರ್ ಓಡಿಸುವವನಿಗೆ ಈ ತೂಕಡಿಕೆ ರಸ್ತೆಯ ಮೇಲಿನ ಅಪಾಯವೂ ಹೌದು.

ದೊಡ್ಡವರಲ್ಲಿ ಇದಕ್ಕೆ ಮೊದಲ ಚಿಕಿತ್ಸೆ ಶಸ್ತ್ರವಲ್ಲ. ತೂಕವನ್ನು ಇಳಿಸುವುದು, ಮದ್ಯವನ್ನು ಬಿಡುವುದು, ಮಗ್ಗುಲಾಗಿ ಮಲಗುವುದು ಹಾಗೂ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ 1981ರಲ್ಲಿ ವಿವರಿಸಿದ, ಮುಖವಾಡದ ಮೂಲಕ ಒತ್ತಡದ ಗಾಳಿಯನ್ನು ನೀಡುವ ಯಂತ್ರದ ಬಳಕೆ ಮುಖ್ಯವಾದುವು. ಅದೇ ವರ್ಷ ಅಮೆರಿಕದಲ್ಲಿ ಫುಜಿತಾ ಅವರು ಅಂಗುಳ ಮತ್ತು ಕಿರುನಾಲಿಗೆಯ ಭಾಗವನ್ನು ಕತ್ತರಿಸಿ ದಾರಿಯನ್ನು ಅಗಲಗೊಳಿಸುವ ಶಸ್ತ್ರಕ್ರಿಯೆಯನ್ನು ವರದಿ ಮಾಡಿದರು. ಎಲ್ಲರಿಗೂ ಅದು ಫಲಿಸದೆಂಬುದು ಅನುಭವದಿಂದ ತಿಳಿದ ಮೇಲೆ, ತಡೆ ಅಂಗುಳದಲ್ಲಿದೆಯೋ ನಾಲಿಗೆಯ ಬುಡದಲ್ಲಿದೆಯೋ ಮೂಗಿನಲ್ಲಿದೆಯೋ ಎಂದು ಎಂಡೋಸ್ಕೋಪಿಯಿಂದ ನೋಡಿ ನಿರ್ಧರಿಸುವ ಪದ್ಧತಿ ಬೆಳೆದಿದೆ. ಮಕ್ಕಳ ವಿಷಯ ಬೇರೆ. ಅವರಲ್ಲಿ ಊದಿದ ಟಾನ್ಸಿಲ್ ಮತ್ತು ಅಡಿನಾಯ್ಡ್‌ಗಳನ್ನು ತೆಗೆಯುವುದರಿಂದಲೇ ಸಾಮಾನ್ಯವಾಗಿ ನಿದ್ರೆಯ ತೊಂದರೆ ಪರಿಹಾರವಾಗುತ್ತದೆ. ಜೊತೆಗೆ ಕಿವಿಗೂ ಉಪಕಾರವಾಗುತ್ತದೆ.

ಶಸ್ತ್ರಕ್ಕೆ ನಿಲುಕದ ಕಿವುಡು

ಶಸ್ತ್ರಚಿಕಿತ್ಸೆಯ ಮಿತಿಯನ್ನೂ ಇಲ್ಲಿ ಹೇಳಬೇಕಾಗುತ್ತದೆ. ಕಲ್ಲಿನ ಗಣಿಯಲ್ಲಿ ಕೊರೆಯುವ ಯಂತ್ರವನ್ನು ಹಿಡಿಯುವ ಕಾರ್ಮಿಕನ ಕಿವಿಗೆ ಬೀಳುವ ಸದ್ದು ಸಾಮಾನ್ಯವಾಗಿ 100 ಡೆಸಿಬಲ್‌ಗಳನ್ನು ಮೀರುತ್ತದೆ. ಕಾರ್ಖಾನೆಗಳಲ್ಲಿ ದಿನಕ್ಕೆ ಎಂಟು ಗಂಟೆಗಳ ದುಡಿಮೆಗೆ ಕಾನೂನು ಒಪ್ಪಿದ ಮಿತಿ 90 ಡೆಸಿಬಲ್. ವಿದ್ಯುತ್ ಮಗ್ಗಗಳ ಸದ್ದೂ ಈ ಮಿತಿಯನ್ನು ಮುಟ್ಟುವಂತಹುದು. ಇಂತಹ ಸದ್ದಿನಿಂದ ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವನ್ನು ಯಾವ ಶಸ್ತ್ರವೂ ಮರಳಿಸದು. ಕಡಿಮೆ ಬೆಲೆಯ ಕಿವಿಬೆಣೆಯೊಂದು ಇಲ್ಲಿ ದೊಡ್ಡ ಶಸ್ತ್ರವೈದ್ಯನಿಗಿಂತ ಹೆಚ್ಚಿನ ಕೆಲಸವನ್ನು ಮಾಡುತ್ತದೆ.

ಹುಟ್ಟುಗಿವುಡಿನ ಸಂದರ್ಭದಲ್ಲಿಯೂ ಮುನ್ನೆಚ್ಚರಿಕೆಗೆ ಮಹತ್ವವಿದೆ. ಸೋದರಮಾವನೊಡನೆ, ಸೋದರತ್ತೆಯ ಮಗನೊಡನೆ ನಡೆಯುವ ಮದುವೆಗಳು ದಕ್ಷಿಣ ಭಾರತದಲ್ಲಿ ಬಹುಕಾಲದಿಂದ ರೂಢಿಯಲ್ಲಿವೆ. ಒಂದೇ ಮನೆತನದಲ್ಲಿ ಸುಪ್ತವಾಗಿರುವ ಕಿವುಡಿನ ವಂಶವಾಹಿ ತಾಯಿತಂದೆಗಳಿಬ್ಬರಿಂದಲೂ ಮಗುವಿಗೆ ಬರುವ ಸಂಭವ ಇಂತಹ ಮದುವೆಗಳಲ್ಲಿ ಹೆಚ್ಚು. ಹುಟ್ಟಿದ ಮಗುವಿಗೆ ಕೇಳದೆಂಬುದು ಬೇಗ ತಿಳಿದರೆ ಶ್ರವಣಸಾಧನ ಅಥವಾ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ನೆರವಾಗುತ್ತದೆ. ಮಾತು ಕಲಿಯುವ ವಯಸ್ಸು ದಾಟಿದ ಬಳಿಕ ಅದೇ ಸಾಧನದ ಫಲ ತೀರ ಕುಗ್ಗುತ್ತದೆ. ಇಂಪ್ಲಾಂಟ್‌ನ ಅನಂತರ ವರ್ಷಗಟ್ಟಲೆ ನಡೆಯಬೇಕಾದ ಮಾತಿನ ತರಬೇತಿ ಮಗುವಿನ ಮನೆಮಾತಿನಲ್ಲಿಯೇ ನಡೆಯುವುದು ಹಿತ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡದಲ್ಲಿ ಪರೀಕ್ಷಾಸಾಮಗ್ರಿಗಳನ್ನು ರೂಪಿಸಿ ಈ ಕ್ಷೇತ್ರಕ್ಕೆ ಸಲ್ಲಿಸಿದ ಸೇವೆ ದೊಡ್ಡದು.

ಊರಿನಿಂದ ತಜ್ಞನವರೆಗೆ

ಉತ್ತರ ಕರ್ನಾಟಕದಲ್ಲಿ ತಜ್ಞ ಚಿಕಿತ್ಸೆಯ ನೆಲೆಗಳು ಹಂತಹಂತವಾಗಿ ಬೆಳೆದಿವೆ. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು 1957ರಲ್ಲಿಯೂ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿಯೂ ಆರಂಭವಾದವು. ಬಾಗಲಕೋಟೆಯು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2002ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಅಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ ಅದಕ್ಕೆ ಹೊಂದಿಕೊಂಡಿದೆ. ಒಂದು ಕಾಲಕ್ಕೆ ಕಿವಿಯ ತಜ್ಞನಿಗಾಗಿ ಹುಬ್ಬಳ್ಳಿ, ಮೀರಜ್, ಸೊಲ್ಲಾಪುರಗಳ ಕಡೆಗೆ ನೋಡಬೇಕಾಗಿದ್ದ ಸೀಮೆಗೆ ಜಿಲ್ಲಾಕೇಂದ್ರದಲ್ಲಿಯೇ ಬೋಧನಾ ಆಸ್ಪತ್ರೆ ದೊರೆತಂತಾಯಿತು.

ಕೇಂದ್ರ ಸರ್ಕಾರವು 2007ರಲ್ಲಿ ಕರ್ನಾಟಕವೂ ಸೇರಿದಂತೆ 10 ರಾಜ್ಯಗಳು ಹಾಗೂ ಒಂದು ಕೇಂದ್ರಾಡಳಿತ ಪ್ರದೇಶದ 25 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ರಾಷ್ಟ್ರೀಯ ಕಿವುಡುತನ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿತವಾಯಿತು. ಕೇಂದ್ರದ ಎಡಿಪ್ ಯೋಜನೆಯಡಿ 2014ರಿಂದ ಕಿವುಡು ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್‌ಗೆ ನೆರವು ದೊರೆಯುತ್ತ ಬಂದಿದೆ. ಸಂಸ್ಥೆಗಳೂ ಯೋಜನೆಗಳೂ ಹೀಗೆ ಒದಗಿರುವಾಗ ಉಳಿದಿರುವ ಕೊರತೆ ಮೊದಲ ಮೆಟ್ಟಿಲಿನದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಉಪಕರಣವೂ, ನೋಡಿ ತಿಳಿಯಬಲ್ಲ ಕಣ್ಣೂ ಇದ್ದರೆ ಅಪಾಯದ ಕಿವಿಯನ್ನು ಅಲ್ಲಿಯೇ ಗುರುತಿಸಬಹುದು. ಆಶಾ ಕಾರ್ಯಕರ್ತೆಗೂ ಶಾಲೆಯ ಶಿಕ್ಷಕರಿಗೂ ತಿಳಿದಿರಬೇಕಾದ ಸಂಗತಿಗಳು ಕೆಲವೇ: ಸೋರುವ ಕಿವಿಗೆ ಎಣ್ಣೆ, ರಸ ಬಿಡಬಾರದು, ಶುಚಿಯಾದ ಬಟ್ಟೆಯ ಬತ್ತಿಯಿಂದ ಒರೆಸಿ ಒಣಗಿಸಬೇಕು, ಸ್ನಾನದಲ್ಲಿಯೂ ಈಜಿನಲ್ಲಿಯೂ ನೀರು ಹೋಗದಂತೆ ನೋಡಿಕೊಳ್ಳಬೇಕು, ಎರಡು ವಾರ ಮೀರಿ ಸೋರಿದರೆ ಅಥವಾ ವಾಸನೆ ಬಂದರೆ ವೈದ್ಯರಿಗೆ ತೋರಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಕಿವಿ ಸೋರುವುದು ತಿಳಿದರೆ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ರೋಗವನ್ನು ಮುಚ್ಚಿಡುವುದುಂಟು. ಮುಚ್ಚಿಟ್ಟ ಕಾಲದಲ್ಲಿ ತಮಟೆಯ ತೇಪೆಯಿಂದ ಮುಗಿಯಬಹುದಾಗಿದ್ದುದು ಎಲುಬನ್ನು ಕೊರೆಯುವ ಹಂತಕ್ಕೆ ಬರುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಕಿವಿ, ತಲೆಬುರುಡೆಯ ತಳ ಮತ್ತು ಗೊರಕೆಗಳ ಶಸ್ತ್ರಚಿಕಿತ್ಸೆ ಇಂದು ಎಷ್ಟೇ ಮುಂದುವರಿದಿದ್ದರೂ ಅದರ ಫಲ ನಿರ್ಧಾರವಾಗುವುದು ಶಸ್ತ್ರಕ್ರಿಯಾ ಕೊಠಡಿಯಿಂದ ಬಹುದೂರದಲ್ಲಿ, ಮನೆಯ ಪಡಸಾಲೆಯಲ್ಲಿ, ಮಗುವಿನ ಕಿವಿಯನ್ನು ತಾಯಿ ನೋಡುವ ಗಳಿಗೆಯಲ್ಲಿ. ಜಲಾಶಯದಲ್ಲಿ ನೀರು ಎಷ್ಟಿದ್ದರೂ ಕೊನೆಯ ಹೊಲಕ್ಕೆ ಹನಿ ತಲುಪಿದಾಗ ಮಾತ್ರ ಬೆಳೆ ಬರುತ್ತದೆಂಬುದನ್ನು ರಾಮಥಾಳದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವೈದ್ಯಜ್ಞಾನದ ವಿಷಯದಲ್ಲಿಯೂ ಈ ಮಾತು ಅಷ್ಟೇ ನಿಜವಾಗಿದೆ.